ಹೊರಗಿನಿಂದ ತೊಳೆದ ರೇಡಿಯೇಟರನ್ನು ನಂಬಬೇಡಿ: ನಮ್ಮ ಎಕ್ಸ್‌ಕವೇಟರ್ ಎಂಜಿನ್ ಹೋದದ್ದು ಹೀಗೆ

ಎಕ್ಸ್‌ಕವೇಟರ್, ಡೋಜರ್, ಲೋಡರ್ ಇಟ್ಟುಕೊಂಡವರು ಮತ್ತು ಓಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕುರುಚಲು ಗಿಡ ಸವರುವುದು, ಒಣಹುಲ್ಲಿನ ಜಾಗ ಸಮ ಮಾಡುವುದು, ಹಳೆ ಕಟ್ಟಡ ಕೆಡವುವುದು, ಕಸದ ರಾಶಿ ತಳ್ಳುವುದು ಇಂಥ ಕೆಲಸ ಮಾಡುವವರಂತೂ ಓದಲೇಬೇಕು. ನಮ್ಮ ಎಕ್ಸ್‌ಕವೇಟರಿನ ಎಂಜಿನ್ ಹಾಳಾದದ್ದು ಹುಲ್ಲಿನ ನವಿರು ಮತ್ತು ಧೂಳಿನಿಂದ. ಅದೂ ರೇಡಿಯೇಟರ್ ಕ್ಲೀನ್ ಆಗಿದೆ ಎಂದು ವರ್ಕ್‌ಶಾಪಿನವರು ಬಿಲ್ಲಿನಲ್ಲಿ ಬರೆದುಕೊಟ್ಟ ಮೇಲೆ.

ಗಿಡಗಂಟಿ ತೆಗೆಯುವ ಕೆಲಸ ನಡೆದಿತ್ತು. ಬೆಳಗ್ಗೆ ಯಂತ್ರ ಚೆನ್ನಾಗಿಯೇ ಓಡುತ್ತಿತ್ತು. ಬಿಸಿಲೇರಿ ಲೋಡ್ ಬಿದ್ದಾಗ ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ನಮ್ಮ ಆಪರೇಟರ್ ಹುಷಾರಿನ ಹುಡುಗ, ಅವತ್ತೇ ಫೋನ್ ಮಾಡಿದ: "ಅಣ್ಣಾ, ಮುಳ್ಳು ಕೆಂಪಿನ ಹತ್ರ ಹೋಗ್ತಿದೆ. ಬೂಮ್ ಕೂಡ ಮೊದಲಿನ ಹಾಗೆ ಎತ್ತುತ್ತಿಲ್ಲ, ಎಲ್ಲಾ ನಿಧಾನ ಆಗಿದೆ." ಬೂಮ್ (ಯಂತ್ರದ ಉದ್ದ ತೋಳು) ನಿಧಾನವಾಗಿದೆ ಎಂಬ ಈ ಎರಡನೇ ಮಾತನ್ನು ನೆನಪಿಟ್ಟುಕೊಳ್ಳಿ. ರೋಗ ಎಲ್ಲಿದೆ ಎಂಬುದು ಆ ಮಾತಿನಲ್ಲೇ ಇತ್ತು. ಯಂತ್ರವನ್ನು ವರ್ಕ್‌ಶಾಪಿಗೆ ಕಳಿಸಿದಾಗ ಎರಡನ್ನೂ ಹೇಳಿಯೇ ಕಳಿಸಿದ್ದೆವು.

ಅಲ್ಲಿ ಪಕ್ಕದ ಬಾಗಿಲು ತೆಗೆದು, ಹೊರಗಿನಿಂದ ಪ್ರೆಶರ್ ವಾಶರ್ ಹಿಡಿದು ಜೋರಾಗಿ ನೀರು ಹೊಡೆದರು. ಎದುರಿನ ಮುಖ ಹೊಸದರಂತೆ ಹೊಳೆಯಿತು. ಬಿಸಿ ಮಾತ್ರ ಇಳಿಯಲಿಲ್ಲ. ಆಮೇಲೆ ಥರ್ಮೋಸ್ಟ್ಯಾಟ್ (ಬಿಸಿಗೆ ತಕ್ಕಂತೆ ಕೂಲೆಂಟಿನ ದಾರಿ ತೆರೆಯುವ ವಾಲ್ವ್) ಬದಲಾಯಿತು. ವಾಟರ್ ಪಂಪ್ ಬದಲಾಯಿತು. ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ಖಾಲಿ ಮಾಡಿ ಹೊಸದು ತುಂಬಿದರು, ರೇಡಿಯೇಟರ್ ಕ್ಯಾಪ್ ಹೊಸದು ಹಾಕಿದರು. ಪ್ರತಿ ಸಲವೂ ಬಿಲ್, ಪ್ರತಿ ಸಲವೂ "ಈಗ ಸರಿಹೋಯ್ತು" ಎಂಬ ಮಾತು. ಕೊನೆಗೆ, ಬಿಸಿಲು ಜಾಸ್ತಿ, ಲೋಡ್ ಜಾಸ್ತಿ, ಇಷ್ಟು ಬಿಸಿ ಸಹಜ, ಕೆಲಸ ಮಾಡಿಸಿ ಎಂದರು. ಹಾಗೆ ಕೆಲಸಕ್ಕೆ ಹೋದ ಯಂತ್ರ ಒಂದು ಮಧ್ಯಾಹ್ನ ಅಲಾರಂ ಹೊಡೆದುಕೊಂಡು ಹಬೆ ಎಬ್ಬಿಸಿ ನಿಂತಿತು. ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ ಕೆಳಗಿನ ಸೀಲ್) ಹೋಗಿತ್ತು, ಸಿಲಿಂಡರ್ ಹೆಡ್ ಬಾಗಿತ್ತು, ಎಂಜಿನ್ ಆಯಿಲಿಗೆ ನೀರು ಸೇರಿ ಅದರಲ್ಲೇ ಬೇರಿಂಗುಗಳೂ ಸವೆದಿದ್ದವು.

ಎಂಜಿನ್ ಬಿಚ್ಚಿದ ಇನ್ನೊಬ್ಬ ಮೆಕ್ಯಾನಿಕ್ ಮೊದಲು ಮಾಡಿದ್ದು, ಬೂಮ್ ಬಕೆಟ್ ಓಡಿಸುವ ಹೈಡ್ರಾಲಿಕ್ ಎಣ್ಣೆಯನ್ನು ತಣಿಸುವ ಆಯಿಲ್ ಕೂಲರಿನ ಬೋಲ್ಟ್ ಸಡಿಲಿಸಿ ಅದನ್ನು ರೇಡಿಯೇಟರಿನಿಂದ ದೂರ ಸರಿಸಿದ್ದು. ನಡುವಿನ ಸಂದಿಯಲ್ಲಿ, ನೆನೆದು ಒಣಗಿದ ಕಂಬಳಿಯ ತುಂಡಿನ ಹಾಗೆ ಒಂದು ಪದರ ಅಂಟಿಕೊಂಡಿತ್ತು. ಹುಲ್ಲಿನ ನವಿರು, ಬೀಜದ ಹತ್ತಿ, ಎಲೆಯ ಚೂರು, ಮಣ್ಣು, ಎಣ್ಣೆ ಎಲ್ಲ ಸೇರಿದ್ದು. ರೇಡಿಯೇಟರಿನ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಗಾಳಿ ಆಡುತ್ತಲೇ ಇರಲಿಲ್ಲ. ಅದನ್ನು ಕೈಯಲ್ಲಿ ಹಿಡಿದಾಗ ನನಗಾದ ಸಂಕಟ ಇನ್ನೊಬ್ಬರಿಗೆ ಆಗದಿರಲಿ ಎಂದೇ ಇಷ್ಟು ಬರೆಯುತ್ತಿದ್ದೇನೆ.

ಈಗಿನ ಯಂತ್ರಗಳಲ್ಲಿ ರೇಡಿಯೇಟರ್ ಒಂದೇ ಇರುವುದಿಲ್ಲ. ಹೈಡ್ರಾಲಿಕ್ ಆಯಿಲ್ ಕೂಲರ್, ಎಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಎಸಿ ಕಂಡೆನ್ಸರ್ ಇವೆಲ್ಲ ಒಂದೇ ಫ್ಯಾನಿನ ಗಾಳಿಯನ್ನು ನಂಬಿಕೊಂಡಿರುತ್ತವೆ. ಕೆಲವು ಮಾಡೆಲ್‌ಗಳಲ್ಲಿ ಅಕ್ಕಪಕ್ಕ, ಕೆಲವದರಲ್ಲಿ ಒಂದರ ಹಿಂದೆ ಒಂದು. ನಮ್ಮದು ಎರಡನೇ ಬಗೆ. ಮುಂದಿನ ಕೂಲರನ್ನು ದಾಟಿ ಬಂದ ಸಣ್ಣ ಕಸ, ಅಂಚಿನ ಸಂದಿಯಿಂದ ನುಸುಳಿದ ಕಸ, ಎರಡೂ ಹಿಂದಿನದರ ಮುಖಕ್ಕೆ ಹೋಗಿ ಕೂರುತ್ತವೆ. ಬಾಗಿಲು ತೆಗೆದು ನೋಡಿದವರಿಗೆ ಕಾಣುವುದು ಮುಂದಿನ ಕೂಲರಿನ ಮುಖ ಮಾತ್ರ.

ಆಪರೇಟರ್ ಹೇಳಿದ ಎರಡನೇ ಮಾತಿಗೆ ಬರುತ್ತೇನೆ. ಹೈಡ್ರಾಲಿಕ್ ಎಣ್ಣೆ ಕಾದರೆ ತೆಳುವಾಗುತ್ತದೆ, ಪಂಪು ಮೋಟಾರುಗಳ ಒಳಗೇ ಸೋರಿಕೆ ಹೆಚ್ಚುತ್ತದೆ, ಬೂಮ್ ಬಕೆಟ್ ನಿಧಾನವಾಗುತ್ತವೆ. ಥರ್ಮೋಸ್ಟ್ಯಾಟ್ ಕೆಟ್ಟರೆ, ವಾಟರ್ ಪಂಪ್ ಸವೆದರೆ ಕಾಯುವುದು ಕೂಲೆಂಟ್. ಹೈಡ್ರಾಲಿಕ್ ಎಣ್ಣೆಗೆ ಅವುಗಳ ಸಂಬಂಧವಿಲ್ಲ. ಕೂಲೆಂಟ್, ಹೈಡ್ರಾಲಿಕ್ ಎಣ್ಣೆ ಎರಡೂ ಒಟ್ಟಿಗೆ ಕಾಯುತ್ತಿದ್ದರೆ ಎರಡಕ್ಕೂ ಸಮಾನವಾದದ್ದು ಗಾಳಿ. ಮೊದಲು ಕೂಲರುಗಳ ನಡುವೆ ನೋಡಬೇಕು, ಫ್ಯಾನ್ ಮತ್ತು ಅದರ ಬೆಲ್ಟ್ ನೋಡಬೇಕು, ಆಮೇಲೆ ಪಾರ್ಟು ಬದಲಿಸುವ ಮಾತು. ಎಸಿ ತಣ್ಣಗಾಗುತ್ತಿಲ್ಲ, ಎಂಜಿನ್ ಎಳೆಯುತ್ತಿಲ್ಲ ಎಂಬ ದೂರುಗಳೂ ಜೊತೆಗೆ ಬಂದರೆ ಅನುಮಾನ ಇನ್ನೂ ಗಟ್ಟಿ. ಎಣ್ಣೆಯ ಬಿಸಿಯನ್ನು ಹಗುರವಾಗಿ ನೋಡಬೇಡಿ. ಹೈಡ್ರಾಲಿಕ್ ಎಣ್ಣೆ ಸುಮಾರು 82 ಡಿಗ್ರಿ ಸೆಲ್ಸಿಯಸ್ ದಾಟಿದ ಸ್ಥಿತಿಯಲ್ಲೇ ಓಡುತ್ತಿದ್ದರೆ ಸೀಲುಗಳು ಗಡುಸಾಗುತ್ತವೆ, ಎಣ್ಣೆಯ ಆಯಸ್ಸೂ ಬೇಗ ಮುಗಿಯುತ್ತದೆ.

ಇನ್ನು ಆ ಪ್ರೆಶರ್ ವಾಶರ್. ನನ್ನ ಅಭಿಪ್ರಾಯದಲ್ಲಿ ನಮಗೆ ಹೆಚ್ಚು ಹಾನಿ ಮಾಡಿದ್ದು ಅದೇ. ನಮ್ಮ ಯಂತ್ರದ ಫ್ಯಾನ್ ಹೊರಗಿನಿಂದ ಒಳಗೆ ಗಾಳಿ ಎಳೆಯುತ್ತದೆ. ಕಸ ಒಳಹೋದ ದಿಕ್ಕಿನಲ್ಲೇ ನೀರು ಹೊಡೆದರೆ ಅದು ಇನ್ನೂ ಆಳಕ್ಕೆ ಹೋಗಿ ಒತ್ತಿಕೊಳ್ಳುತ್ತದೆ. ಒಣ ಧೂಳು ಕೆಸರಾಗಿ, ಎಂಜಿನ್ ಬಿಸಿಗೆ ಬೆಂದು ಗಟ್ಟಿಯಾಗುತ್ತದೆ. ಜೊತೆಗೆ ಫಿನ್‌ಗಳು ತೆಳು ಹಾಳೆಯಂಥವು, ಜೋರು ನೀರಿಗೆ ಮಲಗಿಬಿಡುತ್ತವೆ. ಮಲಗಿದ ಫಿನ್ ಎಂದರೆ ಮುಚ್ಚಿದ ದಾರಿ. ಕೆಲವು ತಯಾರಕರ ಕೈಪಿಡಿಗಳಲ್ಲಿ ಶುಚಿ ಮಾಡುವ ಗಾಳಿಯ ಒತ್ತಡ ನಾಝಲ್ ಬಳಿ 30 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ), ನೀರಿನದು 40 ಪಿಎಸ್‌ಐ ದಾಟಬಾರದು ಎಂದಿದೆ. ಪ್ರೆಶರ್ ವಾಶರ್ ಸಾವಿರ ಪಿಎಸ್‌ಐ ಮೀರಿ ಹೊಡೆಯುತ್ತದೆ. ಕಂಪ್ರೆಸರ್ ಲೈನಿನ ಗಾಳಿಯೂ ಸಾಮಾನ್ಯವಾಗಿ 100ರ ಆಸುಪಾಸು ಇರುತ್ತದೆ, ಅದನ್ನೂ ರೆಗ್ಯುಲೇಟರಿನಲ್ಲಿ ಇಳಿಸದೆ ಹಿಡಿಯುವಂತಿಲ್ಲ. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಏನಿದೆಯೋ ಅದೇ ಅಂತಿಮ.

ಸರಿಯಾದ ಕ್ರಮ ಎಂದರೆ, ಎಂಜಿನ್ ನಿಲ್ಲಿಸಿ, ಕೀ ತೆಗೆದು, ಪೂರ್ತಿ ತಣ್ಣಗಾದ ಮೇಲೆ ಕೂಲರುಗಳನ್ನು ಬೇರ್ಪಡಿಸಿ, ಫ್ಯಾನಿನ ಗಾಳಿ ಹೋಗುವ ದಿಕ್ಕಿಗೆ ಎದುರಾಗಿ ಒಣ ಗಾಳಿ ಹೊಡೆಯುವುದು. ನಾಝಲ್ ಫಿನ್‌ಗೆ ನೇರವಾಗಿರಬೇಕು, ಓರೆಯಾಗಬಾರದು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು. ನೀರು ಹಾಕುವುದಿದ್ದರೆ ಗಾಳಿಯಲ್ಲಿ ಹೋಗುವಷ್ಟು ಹೋದ ಮೇಲೆ. ಮುಗಿದ ಮೇಲೆ ಒಂದು ಕಡೆಯಿಂದ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ನೋಡಿ, ಬೆಳಕು ಬಾರದ ಜಾಗದಲ್ಲಿ ಕಸ ಇನ್ನೂ ಇದೆ. ಕಸ ಅಂಟಂಟಾಗಿದ್ದರೆ ಎಲ್ಲೋ ಎಣ್ಣೆ ಸೋರುತ್ತಿದೆ. ಆ ಸೋರಿಕೆ ನಿಲ್ಲಿಸದೆ ಎಷ್ಟು ತೊಳೆದರೂ ಧೂಳು ಮತ್ತೆ ಅಲ್ಲೇ ಹಿಡಿಯುತ್ತದೆ. ನಮ್ಮಲ್ಲಿ ಆಯಿಲ್ ಕೂಲರಿನ ಹೋಸ್ ಜಾಯಿಂಟ್ ಜಿನುಗುತ್ತಿತ್ತು.

ಬಿಸಿಯಿದ್ದಾಗ ಕ್ಯಾಪ್ ತೆಗೆಯಲು ಯಾರನ್ನೂ ಬಿಡಬೇಡಿ. ಅರ್ಧಕ್ಕರ್ಧ ಗ್ಲೈಕಾಲ್ ಬೆರೆಸಿದ ಕೂಲೆಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಹಿಡಿದಿಟ್ಟ ಒತ್ತಡದಿಂದ ಮಾತ್ರ ಅದು ಅದಕ್ಕಿಂತ ಬಿಸಿಯಲ್ಲೂ ಕುದಿಯದೆ ಇರುತ್ತದೆ. ಕ್ಯಾಪ್ ತಿರುಗಿಸಿದ ಗಳಿಗೆಯಲ್ಲೇ ಅದು ಉಕ್ಕಿ ಮುಖಕ್ಕೆ ಎರಚುತ್ತದೆ.

ಕಸ ಒಳಗೆ ಬರದಂತೆ ತಡೆಯುವುದೂ ಇದೆ. ರೇಡಿಯೇಟರಿನ ಸುತ್ತ ಇರುವ ಫೋಮ್ ಮತ್ತು ರಬ್ಬರ್ ಪಟ್ಟಿಗಳನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಅವು ಹರಿದರೆ ಗಾಳಿ ಕೂಲರನ್ನು ತಪ್ಪಿಸಿ ಸಂದಿಯಿಂದ ನುಗ್ಗುತ್ತದೆ, ಕಸವನ್ನೂ ತರುತ್ತದೆ. ಎಂಜಿನ್ ಕಡೆಯ ಬಿಸಿಗಾಳಿ ತಿರುಗಿ ಒಳಬರುವುದೂ ಉಂಟು. ನಮ್ಮ ಯಂತ್ರದಲ್ಲಿ ಒಂದು ಪಟ್ಟಿ ಹರಿದು ನೇತಾಡುತ್ತಿತ್ತು, ವರ್ಕ್‌ಶಾಪಿನಲ್ಲಿ ಅಷ್ಟು ಸಲ ಬಾಗಿಲು ತೆಗೆದವರ ಕಣ್ಣಿಗೂ ಬೀಳಲಿಲ್ಲ. ಗಿಡಗಂಟಿಯ ಕೆಲಸಕ್ಕೆ ಹೊರಗೆ ಸಣ್ಣ ಜಾಲರಿ ಹಾಕುವುದು ಒಳ್ಳೆಯದು, ಆದರೆ ಜಾಲರಿಯೇ ಕಟ್ಟಿಕೊಂಡರೆ ಮತ್ತೆ ಅದೇ ಪಾಡು. ದಿನಕ್ಕೆ ಒಂದು ಸಲ ಸಾಲದು, ಕಸ ಹೆಚ್ಚಿರುವಲ್ಲಿ ಊಟದ ಬಿಡುವಿನಲ್ಲೂ ಕೊಡವಬೇಕು. ಫ್ಯಾನ್ ಉಲ್ಟಾ ತಿರುಗಿಸುವ ಸೌಲಭ್ಯ ಇದ್ದರೆ ಕಸ ಕಟ್ಟಿಕೊಳ್ಳುವ ಮೊದಲೇ ಆಗಾಗ ಬಳಸಿ. ಒಮ್ಮೆ ಗಟ್ಟಿಯಾದ ಪದರವನ್ನು ಅದು ಕೀಳುವುದಿಲ್ಲ. ಇಂಥ ಕೆಲಸವೇ ಕಾಯಂ ಎನ್ನುವವರು ಹೊಸ ಯಂತ್ರ ಕೊಳ್ಳುವಾಗಲೇ ಫಿನ್‌ಗಳ ನಡುವೆ ಹೆಚ್ಚು ಅಂತರವಿರುವ ಕೋರ್ (ರೇಡಿಯೇಟರಿನ ಫಿನ್, ಕೊಳವೆಗಳ ಭಾಗ) ಕೇಳಿ ನೋಡಿ. ಕಸ ಅದರಲ್ಲಿ ಸಿಕ್ಕಿಕೊಳ್ಳದೆ ದಾಟಿ ಹೋಗುತ್ತದೆ.

ದಾಟಿ ಹೋದ ಕಸವೂ ಎಂಜಿನ್ ಬದಿಯಲ್ಲೇ ಬೀಳುತ್ತದೆ ಎನ್ನುವುದನ್ನು ಮರೆಯಬೇಡಿ. ಟರ್ಬೊ ಮತ್ತು ಎಕ್ಸಾಸ್ಟ್ ಮೇಲೆ ಒಣ ಎಲೆ, ಹುಲ್ಲು ಕೂತರೆ ಬೆಂಕಿ ಹತ್ತುತ್ತದೆ, ಎಣ್ಣೆ ಜಿನುಗುವ ಯಂತ್ರದಲ್ಲಂತೂ ಕ್ಷಣಮಾತ್ರ ಸಾಕು. ರೇಡಿಯೇಟರ್ ಕೊಡವಿದಾಗ ಆ ಜಾಗವನ್ನೂ ಕೊಡವಿ.

ಸರ್ವಿಸಿಗೆ ಕೊಟ್ಟ ಯಂತ್ರದ ಬಿಲ್ಲಿನಲ್ಲಿ 'ರೇಡಿಯೇಟರ್ ಕ್ಲೀನಿಂಗ್' ಎಂದು ಕಂಡರೆ ಹಣ ಕೊಡುವ ಮೊದಲು ಕೇಳಿ: ಕೂಲರ್ ಬಿಚ್ಚಿ ಬೇರ್ಪಡಿಸಿದ್ರಾ? ಯಾವ ಕಡೆಯಿಂದ ಹೊಡೆದ್ರಿ? ಬಿಚ್ಚಿದಾಗ ಫೋಟೊ ತೆಗೆದ್ರಾ? ಈಗ ನಾವು ಸಂದಿಯ ಫೋಟೊ ನೋಡದೆ ಯಂತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ. ಸಾಧ್ಯವಿದ್ದಾಗ ಆಪರೇಟರನ್ನೂ ಜೊತೆಗೆ ಕಳಿಸುತ್ತೇವೆ, ಟಾರ್ಚ್ ಹಿಡಿದು ನೋಡುವುದು ಅವನೇ.