ವಾರವಿಡೀ ಕುಸ್ತಿ: ಯಾವುದನ್ನು ನೋಡೋದು, ಯಾವುದನ್ನು ಬಿಡೋದು?

ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇಯ ವಾರದ ಶೋಗಳಲ್ಲಿ ರಾ ಎರಡೂವರೆಯಿಂದ ಮೂರು ಗಂಟೆ, ಸ್ಮ್ಯಾಕ್‌ಡೌನ್ ಎರಡರಿಂದ ಮೂರು, ಎನ್‌ಎಕ್ಸ್‌ಟಿ ಎರಡು. ಮೇಲೆ ಪ್ರತಿಸ್ಪರ್ಧಿ ಕಂಪನಿ ಎಇಡಬ್ಲ್ಯುನ ಡೈನಮೈಟ್, ಕೊಲಿಷನ್ ತಲಾ ಎರಡು. ಕೂಡಿದರೆ ವಾರಕ್ಕೆ ಹತ್ತೂವರೆಯಿಂದ ಹನ್ನೆರಡು ಗಂಟೆ! ಇಷ್ಟನ್ನೂ ನೋಡಹೊರಟರೆ ಮೂರನೇ ವಾರಕ್ಕೆ ಸಾಕುಸಾಕಾಗುತ್ತದೆ. ನೋಡುವ ಬಗೆಗಳನ್ನು ಒಂದೊಂದಾಗಿ ಪ್ರಯತ್ನಿಸಿದಾಗ ಕಂಡದ್ದು ಇಷ್ಟು.

ರಾ ಪೂರ್ತಿ, ಲೈವ್: ಭಾರತದಲ್ಲಿ ಸಾಮಾನ್ಯವಾಗಿ ಮಂಗಳವಾರ ಬೆಳಗ್ಗೆ 5:30ಕ್ಕೆ, ಚಳಿಗಾಲದಲ್ಲಿ 6:30ಕ್ಕೆ ಶುರು. ನಿದ್ದೆಗೆಡುವುದಕ್ಕಿಂತ ದೊಡ್ಡ ತೊಂದರೆ ಪಂದ್ಯ ಕಟ್ಟುವ ರೀತಿಯದು. ಮೊದಲ ಹದಿನೈದು ನಿಮಿಷ ಮೈಕ್ ಹಿಡಿದು ಮಾತು. ಪಂದ್ಯ ಬಿಸಿಯೇರುವಷ್ಟರಲ್ಲಿ ಒಬ್ಬ ರಿಂಗಿನ ಹೊರಗೆ ಬೀಳುತ್ತಾನೆ, ಬ್ರೇಕ್. ಮರಳುವಾಗ ಖಳನಾಯಕ ಎದುರಾಳಿಯ ಗದ್ದಕ್ಕೆ ತೋಳು ಬಿಗಿದು ಕೂತಿರುತ್ತಾನೆ. ಇದನ್ನೇ ನಾಲ್ಕು ಸಲ ನೋಡಿದ ಮೇಲೆ ಮುಖ್ಯ ಪಂದ್ಯಕ್ಕೆ ಕೂಗಲು ಯಾರಿಗೆ ಉಸಿರಿರುತ್ತದೆ? 2012ರ ಜುಲೈನಲ್ಲಿ ರಾ ಮೂರು ಗಂಟೆಯಾದಂದಿನಿಂದ ಇದೇ ಪಾಡು. ಹಳೆಯ ಪ್ರತಿಸ್ಪರ್ಧಿ ಕಂಪನಿ ಡಬ್ಲ್ಯುಸಿಡಬ್ಲ್ಯು ಇದಕ್ಕೂ ಮೊದಲೇ ಕೈ ಸುಟ್ಟುಕೊಂಡಿತ್ತು: 1998ರ ಜನವರಿಯಲ್ಲಿ ತನ್ನ ವಾರದ ಶೋ ನೈಟ್ರೊವನ್ನು ಮೂರು ಗಂಟೆಗೆ ಎಳೆದು, ಅದೇ ತಿಂಗಳು ಥಂಡರ್ ಎಂಬ ಇನ್ನೊಂದು ಶೋವನ್ನೂ ಹೇರಿತು. 2000ದ ಜನವರಿಯಲ್ಲಿ ನೈಟ್ರೊ ಮತ್ತೆ ಎರಡಕ್ಕಿಳಿಯಿತು.

ಯೂಟ್ಯೂಬ್ ತುಣುಕು: ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಆದರೆ ರುಚಿ ಇಲ್ಲ. ಪಂದ್ಯ ಮುಗಿಸುವ ಪಟ್ಟು, ಅಂದರೆ ಫಿನಿಷರ್ ಕಾಣುತ್ತದೆ, ಅದರ ಹಿಂದಿನ ಇಪ್ಪತ್ತು ನಿಮಿಷದ ಏರಿಳಿತ ಕಾಣುವುದಿಲ್ಲ.

ಡೈನಮೈಟ್ ಮಾತ್ರ: ಪಂದ್ಯಕ್ಕೇ ಹೆಚ್ಚು ಸಮಯ ಸಿಗುತ್ತದೆ, ಎರಡು ಗಂಟೆ ಹಿಡಿಸುತ್ತದೆ. ಒಂದು ವಾರ ತಪ್ಪಿದರೆ ಯಾರು ಯಾವ ಗುಂಪಿನಲ್ಲಿದ್ದಾರೆ ಎಂದು ಮತ್ತೆ ಹುಡುಕಬೇಕು.

ಪಿಎಲ್ಇ (ಪ್ರೀಮಿಯಂ ಲೈವ್ ಇವೆಂಟ್, ಡಬ್ಲ್ಯುಡಬ್ಲ್ಯುಇಯ ದೊಡ್ಡ ವಿಶೇಷ ಶೋ) ಮಾತ್ರ: ಗೆದ್ದದ್ದು ಇದೇ. ತಿಂಗಳಿಗೆ ಹೆಚ್ಚುಕಡಿಮೆ ಒಂದು, ಸುಮಾರು ಮೂರು ಗಂಟೆ. ಪಂದ್ಯಕ್ಕೆ ಮುಂಚಿನ ಎರಡು-ಮೂರು ನಿಮಿಷದ ವಿಡಿಯೊ ಒಂದು ತಿಂಗಳ ಜಗಳವನ್ನೆಲ್ಲ ಹೇಳಿಬಿಡುತ್ತದೆ. ಹಾಗಾದರೆ ಆ ತಿಂಗಳ ಹತ್ತು-ಹನ್ನೆರಡು ಗಂಟೆಯ ರಾ ಯಾಕೆ ಬೇಕಿತ್ತು! ಕೊರತೆ ಒಂದೇ, ಚಾಂಪಿಯನ್ ಬೆಲ್ಟ್ ಕೆಲವೊಮ್ಮೆ ವಾರದ ಶೋನಲ್ಲೇ ಕೈಬದಲಾಗುತ್ತದೆ. 2019ರ ಏಪ್ರಿಲ್‌ನಲ್ಲಿ ರೆಸಲ್‌ಮೇನಿಯಾ ಎಂಬ ವರ್ಷದ ದೊಡ್ಡ ಶೋನಲ್ಲಿ ಬೆಲ್ಟ್ ಗೆದ್ದ ಕೋಫಿ ಕಿಂಗ್‌ಸ್ಟನ್, ಅಕ್ಟೋಬರ್ 4ರ ಸ್ಮ್ಯಾಕ್‌ಡೌನ್‌ನಲ್ಲಿ ಬ್ರಾಕ್ ಲೆಸ್ನರ್‌ಗೆ ಹತ್ತು ಸೆಕೆಂಡೂ ಆಗದೆ ಸೋತ.

ಹಾಗಾಗಿ ಪಿಎಲ್ಇ ಜೊತೆ ಅದರ ಹಿಂದಿನ ವಾರದ ಶೋನ ಕೊನೆಯ ನಲವತ್ತು ನಿಮಿಷ ಸೇರಿಸಿ. ಯೂಟ್ಯೂಬ್ ನೋಟಿಫಿಕೇಶನ್ ಮಾತ್ರ ಆಫ್ ಮಾಡಿಡಿ. ಬೆಲ್ಟ್ ಯಾರ ಹೆಗಲ ಮೇಲಿದೆ ಅನ್ನೋದು ಥಂಬ್‌ನೇಲ್‌ನಲ್ಲೇ ಕಂಡುಬಿಡುತ್ತದೆ.