ಸಿಟಿ ಕೆಲಸಕ್ಕೆ ಬಂದ್ಮೇಲೆ ಮಕ್ಕಳ ಜೊತೆ ಮೂರು ಏರಿಯಾದಲ್ಲಿ ಇದ್ದು ನೋಡಿದ್ವಿ

ಆಫರ್ ಲೆಟರ್ ಬಂದ ಆರು ವಾರಕ್ಕೆ ನಾನು ಜಾಯಿನ್ ಆಗ್ಬೇಕಿತ್ತು. ಮನೇಲಿ ಏಳು ವರ್ಷದ ಮಗಳು, ಮೂರು ವರ್ಷದ ಮಗ, ಮಂಡಿನೋವಿನ ನಮ್ಮತ್ತೆ, ಮನೆಯಿಂದಲೇ ಕೆಲಸ ಮಾಡೋ ನಮ್ಮ ಯಜಮಾನ್ರು. ಕೇಳಿದವರೆಲ್ಲ ಒಂದೇ ಮಾತು ಹೇಳಿದ್ರು, ಮೊದ್ಲು ಆಫೀಸ್ ಎಲ್ಲಿದೆ ನೋಡು, ಬಾಡಿಗೆ ಎಲ್ಲಿ ಕಟ್ಟೋಕಾಗುತ್ತೆ ನೋಡು, ಅಷ್ಟೇ ಅಂತ. ನಾವೂ ಹಂಗೇ ಶುರು ಮಾಡಿದ್ವಿ, ಆದ್ರೆ ನೋಡದೇ ಇರೋ ಜಾಗಕ್ಕೆ ವರ್ಷದ ಅಗ್ರಿಮೆಂಟ್ ಹಾಕೋ ಧೈರ್ಯ ಬರ್ಲಿಲ್ಲ. ಮಗಳ ಹಳೇ ಸ್ಕೂಲ್‌ನವರು ಆ ವರ್ಷದ ಪಾಠ ಆನ್‌ಲೈನ್‌ನಲ್ಲೇ ಮುಗಿಸೋಕೆ ಒಪ್ಪಿದ್ರು, ಅದು ನಮ್ಮ ಪುಣ್ಯ, ಹಾಗಾಗಿ ಸಾಮಾನು ಸಮೇತ ಇರೋ ಮನೆಗಳನ್ನ ತಿಂಗಳ ಬಾಡಿಗೆಗೆ ಹಿಡಿದು ಒಂದೊಂದು ಕಡೆ ಎರಡೆರಡು ತಿಂಗಳು ಇದ್ವಿ. ಆಫೀಸ್ ಹತ್ರದ ಅಪಾರ್ಟ್‌ಮೆಂಟು, ಊರಂಚಿನ ಹೊಸ ಲೇಔಟು, ಅರ್ಧ ದಾರೀಲಿ ರೈಲ್ವೆ ಸ್ಟೇಷನ್ ಪಕ್ಕದ ಹಳೇ ಬಡಾವಣೆ.

ಒಂದು ನೋಟ್‌ಬುಕ್ ಇಟ್ಕೊಂಡಿದ್ದೆ. ಮನೆ ಬಾಗಿಲು ಎಳ್ಕೊಂಡ ಟೈಮು, ಆಫೀಸಲ್ಲಿ ಸೀಟಿಗೆ ಕೂತ ಟೈಮು, ವಾಪಸ್ ಬಂದ ಟೈಮು. ಮಕ್ಕಳು ಆಚೆ ಎಷ್ಟೊತ್ತು ಇದ್ರು, ಅತ್ತೆ ಒಬ್ರೇ ಗೇಟ್ ದಾಟಿದ್ರಾ ಅನ್ನೋ ಎರಡು ಕಾಲಂ ಮೊದ್ಲು ಇರ್ಲಿಲ್ಲ, ಎರಡನೇ ಮನೆಗೆ ಹೋದ್ಮೇಲೆ ಸೇರಿಸಿದ್ದು.

ಆಫೀಸ್ ಹತ್ರದ್ದು ಬೇಗ ಹೇಳಿ ಮುಗಿಸ್ತೀನಿ. ಓಡಾಟ ಇಪ್ಪತ್ತು ನಿಮಿಷ, ಸಂಜೆ ಆರೂಕಾಲಿಗೆ ಮನೇಲಿ, ಆ ಸುಖದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಮಗ ರಾತ್ರಿ ಎರಡು ಮೂರು ಸಲ ಏಳೋಕೆ ಶುರು ಮಾಡ್ದ. ಹೊಸ ಜಾಗ, ಸರಿ ಹೋಗ್ತಾನೆ ಅಂದ್ಕೊಂಡು ಮೂರು ವಾರ ಕಳೆದ್ವಿ, ಕೊನೆಗೆ ರಸ್ತೆ ಕಡೆ ರೂಮಿಂದ ಅವನ ಮಂಚಾನ ಹಿಂದಿನ ರೂಮಿಗೆ ತಳ್ಳಿದ ರಾತ್ರೀನೇ ಬೆಳಗಿನವರೆಗೂ ಮಲಗ್ದ. ಆಮೇಲೆ ಓದಿದ್ರೆ, ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲೇ ಹೇಳಿದೆ, ವಾಹನಗಳ ಸದ್ದು ರಾತ್ರಿ ಹೊತ್ತು ಸರಾಸರಿ 45 ಡೆಸಿಬಲ್ ಒಳಗಿರ್ಬೇಕು ಅಂತ. ಪಾರ್ಕ್ ಎದುರಿಗೇ ಇತ್ತು, ಕಿಟಕಿಯಿಂದ ಉಯ್ಯಾಲೆ ಕಾಣ್ತಿತ್ತು, ಮಧ್ಯೆ ಆರು ಲೇನ್ ರಸ್ತೆ. ಎರಡು ತಿಂಗಳಲ್ಲಿ ಹೋಗಿದ್ದು ಒಂಬತ್ತೇ ಸಲ. ಪಕ್ಕದ ಮನೆಯವರ ಹೆಸರೂ ಗೊತ್ತಾಗ್ಲಿಲ್ಲ, ಅದು ನಮ್ಮ ಸ್ವಭಾವವೇನೋ ಅಂತ ಬೇಜಾರಾಗಿದ್ದೆ. 1972ರಲ್ಲಿ ಪ್ರಕಟವಾದ ಡೊನಾಲ್ಡ್ ಆಪಲ್‌ಯಾರ್ಡ್ ಅವರ ಸ್ಯಾನ್ ಫ್ರಾನ್ಸಿಸ್ಕೋ ಅಧ್ಯಯನ ಓದಿದಾಗ ಸಮಾಧಾನ ಆಯ್ತು: ದಿನಕ್ಕೆ ಸುಮಾರು 2,000 ಗಾಡಿ ಓಡೋ ಬೀದೀಲಿ ಒಬ್ಬೊಬ್ಬರಿಗೆ ಅದೇ ಬೀದಿಯ ಗೆಳೆಯರು ಸರಾಸರಿ ಮೂರು ಜನ, 16,000 ಗಾಡಿ ಓಡೋ ಬೀದೀಲಿ ಒಬ್ಬರಿಗಿಂತ ಕಮ್ಮಿ. ಗಂಡ ಹೆಂಡ್ತಿ ಇಬ್ರೇ ಇದ್ದಿದ್ರೆ ನಾನು ಇಲ್ಲೇ ಉಳೀತಿದ್ದೆ.

ಹೊಸ ಲೇಔಟ್ ಮೇಲೆ ನಮ್ಗೆಲ್ಲ ಬಹಳ ಆಸೆ ಇತ್ತು. ಅದೇ ಬಾಡಿಗೆಗಿಂತ ಕಮ್ಮಿಗೆ ಡಬಲ್ ಜಾಗ, ಮಗಳಿಗೆ ಅವಳದ್ದೇ ರೂಮು, ಅಗಲ ರಸ್ತೆ, ರಾತ್ರಿ ಸದ್ದೇ ಇಲ್ಲ. ಮನೆ ನೋಡೋಕೆ ಹೋಗಿದ್ದು ಭಾನುವಾರ ಮಧ್ಯಾಹ್ನ, ಮ್ಯಾಪ್ 35 ನಿಮಿಷ ತೋರಿಸ್ತು, ನಿಜವಾಗ್ಲೂ 35 ನಿಮಿಷಕ್ಕೇ ತಲುಪಿದ್ವಿ, ಅದನ್ನೇ ನಂಬಿದ್ದು ನಮ್ಮ ತಪ್ಪು. ಮೊದಲ ಹತ್ತು ವರ್ಕಿಂಗ್ ಡೇಗಳಲ್ಲಿ ನೋಟ್‌ಬುಕ್ಕಿನ ಪ್ರಕಾರ ಅತೀ ಬೇಗ 55 ನಿಮಿಷ, ಅತೀ ತಡ 95. ಇಲ್ಲಿ ಸರಾಸರಿ ತೆಗೆಯೋಕೆ ಹೋಗ್ಬೇಡಿ, ಸರಾಸರಿ ಯಾವ ಪ್ರಯೋಜನಕ್ಕೂ ಬರಲ್ಲ. ಡೇಕೇರ್ ಬಾಗಿಲು ಹಾಕೋದು ಆರೂವರೆಗೆ, ಅದು ಸರಾಸರಿ ನೋಡ್ಕೊಂಡು ಕಾಯಲ್ಲ.

ವಾರದಲ್ಲಿ ಎರಡು ದಿನ ಯಜಮಾನ್ರಿಗೆ ಸಂಜೆ ಏಳರವರೆಗೂ ಮೀಟಿಂಗ್, ಆ ದಿನ ಮಗನ್ನ ಕರ್ಕೊಂಡು ಬರೋದು ನಾನು. ಒಂದು ಗುರುವಾರ ಮೇನ್ ರೋಡಲ್ಲಿ ಲಾರಿ ಕೆಟ್ಟು ನಿಂತು ಟ್ರಾಫಿಕ್ ಅಲ್ಲಾಡ್ಲಿಲ್ಲ, ನಾನು ತಲುಪಿದ್ದು ಏಳು ಗಂಟೆ ಐದು ನಿಮಿಷಕ್ಕೆ. ಒಳಗಿನ ಲೈಟೆಲ್ಲ ಆರಿಸಿ ಆಗಿತ್ತು. ಟೀಚರ್ ಕೈಯಲ್ಲಿ ಬೀಗ ಹಿಡ್ಕೊಂಡು ಮೆಟ್ಟಿಲ ಮೇಲೆ ನಿಂತಿದ್ರು, ಬೈಲಿಲ್ಲ. ಪಕ್ಕದಲ್ಲಿ ಮಗ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಕೂತಿದ್ದ, ಶೂ ಅವನೇ ಹಾಕ್ಕೊಂಡಿದ್ದ, ಎಡಗಾಲಿಂದು ಬಲಕ್ಕೆ. ಎಲ್ರೂ ಹೋದ್ರು ಅಮ್ಮ ಅಂದ. ಅವತ್ತು ರಾತ್ರೀನೇ ನೋಟ್‌ಬುಕ್ಕಲ್ಲಿ ಆ ಎರಡು ಕಾಲಂ ಗೀಚಿದ್ದು, ಯಾಕಂದ್ರೆ ಅಲ್ಲಿವರೆಗೂ ನಾನು ಬರೀ ನನ್ನ ಓಡಾಟ ಬರ್ಕೊಳ್ತಿದ್ದೆ, ಏರಿಯಾದಲ್ಲಿ ದಿನವಿಡೀ ಇರೋರು ಉಳಿದ ನಾಲ್ಕು ಜನ.

ಆ ಕಾಲಂ ತುಂಬಿಸ್ತಾ ಹೋದ ಹಾಗೆ ಲೇಔಟ್ ಬೇರೆ ಥರ ಕಾಣೋಕೆ ಶುರು ಆಯ್ತು. ಹತ್ರದ ಸ್ಕೂಲ್‌ನ ಬಿಲ್ಡಿಂಗು ನಮ್ಮ ಟೆರೇಸಿಂದ ಕಾಣ್ತಿತ್ತು, ನೇರ ಗೆರೆ ಎಳೆದ್ರೆ 700 ಮೀಟರು. ಆದ್ರೆ ನಮ್ಮ ಲೇಔಟ್‌ಗೂ ಪಕ್ಕದ ಲೇಔಟ್‌ಗೂ ಮಧ್ಯೆ ಉದ್ದಕ್ಕೂ ಕಾಂಪೌಂಡು, ಒಳಗಿನ ಅಡ್ಡರಸ್ತೆ ಎಲ್ಲ ತುದೀಲಿ ಮುಚ್ಕೊಳ್ಳೋವೇ, ಹಾಗಾಗಿ ಒಂದೇ ಗೇಟಿಂದ ಆಚೆ ಬಂದು ಫುಟ್‌ಪಾತೇ ಇಲ್ಲದ ಮೇನ್ ರೋಡ್ ಅಂಚಲ್ಲಿ ಸುತ್ತಿ ಹೋದ್ರೆ 2.6 ಕಿಲೋಮೀಟರ್. ಒಂದ್ಸಲ ಮಗನ್ನ ತಳ್ಳುಗಾಡೀಲಿ ಕೂರಿಸಿ, ಮಗಳ ಕೈ ಹಿಡ್ಕೊಂಡು ನಡೆದು ನೋಡ್ದೆ, ಇನ್ನೊಂದ್ಸಲ ಮಾಡೋ ಧೈರ್ಯ ಬರ್ಲಿಲ್ಲ. ವೇಗ ಡಬಲ್ ಆದ್ರೆ ಬ್ರೇಕ್ ಹಾಕಿದ್ಮೇಲೆ ಗಾಡಿ ನಿಲ್ಲೋಕೆ ಬೇಕಾಗೋ ದೂರ ನಾಲ್ಕು ಪಟ್ಟು ಆಗುತ್ತೆ, ಆ ರಸ್ತೇಲಿ ಯಾರೂ ನಿಧಾನಕ್ಕೆ ಬರ್ತಿರ್ಲಿಲ್ಲ. ಪೆನ್ಸಿಲ್ ಬೇಕಂದ್ರೂ ಕಾರು, ಮಾತ್ರೆಗೂ ಕಾರು, ಒಂದು ಶನಿವಾರ ಯಜಮಾನ್ರು ಐದು ಸಲ ಕಾರ್ ತೆಗೆದ್ರು. ನಾನು ಕಾರ್ ತಗೊಂಡು ಹೋದ ದಿನ ಮನೆಯವರೆಲ್ಲ ಒಳಗೇ. ಎರಡನೇ ಗಾಡಿ ತಗೊಳ್ಳೋ ಲೆಕ್ಕ ಹಾಕಿದ್ರೆ ಬಾಡಿಗೇಲಿ ಉಳಿದಿದ್ದು ಅಲ್ಲಿಗೇ ಹೋಗ್ತಿತ್ತು. ಅತ್ತೆ ಕಾಲಂನಲ್ಲಿ ಆಮೇಲಿನ ಐದು ವಾರದಲ್ಲಿ ಒಂದೇ ಒಂದು ಟಿಕ್.

ದೊಡ್ಡ ಮನೆ ಸಿಗುತ್ತಲ್ಲ, ದಾರಿ ಉದ್ದ ಆದ್ರೆ ಏನಾಯ್ತು ಅಂತ ನಾನೂ ವಾದ ಮಾಡ್ಕೊಂಡಿದ್ದೆ. ಬ್ರೂನೊ ಫ್ರೈ, ಅಲೋಯಿಸ್ ಸ್ಟುಟ್ಜರ್ ಅಂತ ಇಬ್ರು ಅರ್ಥಶಾಸ್ತ್ರಜ್ಞರು ಜರ್ಮನಿಯ ಮನೆಗಳ ಮಾಹಿತಿ ಇಟ್ಕೊಂಡು ಇದನ್ನೇ ನೋಡಿದ್ರು. ದೂರ ಓಡಾಡೋರಿಗೆ ಒಳ್ಳೆ ಮನೆ, ಜಾಸ್ತಿ ಸಂಬಳ ಆ ಕಷ್ಟಾನ ಸರಿದೂಗಿಸ್ಬೇಕಿತ್ತು, ಆದ್ರೆ ಅವರ ಜೀವನದ ತೃಪ್ತಿ ಕಮ್ಮೀನೇ ಇತ್ತಂತೆ. ನನ್ನ ವಿಷ್ಯದಲ್ಲಿ ಅದು ಅಕ್ಷರಶಃ ನಿಜ, ಮಕ್ಕಳು ಎದ್ದಿರೋವಾಗ ಆ ದೊಡ್ಡ ಹಾಲ್‌ನಲ್ಲಿ ನಾನು ಕೂತಿದ್ದು ಶನಿವಾರ ಭಾನುವಾರ ಮಾತ್ರ. ಲೇಔಟ್‌ನ ಒಂದು ಒಳ್ಳೇದನ್ನ ಹೇಳ್ಲೇಬೇಕು, ಮಗಳು ಸೈಕಲ್ ಕಲಿತಿದ್ದು ಅಲ್ಲೇ. ಒಳಗಿನ ರಸ್ತೇಲಿ ಗಾಡೀನೇ ಇಲ್ಲ, ಅವಳದ್ದೇ ವಯಸ್ಸಿನ ನಾಲ್ಕೈದು ಮಕ್ಕಳು. ಇಬ್ರೂ ಮನೆಯಿಂದಲೇ ಕೆಲಸ ಮಾಡೋರಿಗೆ, ಸ್ಕೂಲ್ ಗೇಟಿನ ಒಳಗೇ ಇದ್ರೆ, ಅದು ಚೆನ್ನಾಗಿರೋ ಜಾಗ.

ಹಳೇ ಬಡಾವಣೆ ಮನೆ ನೋಡಿದ ತಕ್ಷಣ ಮನಸ್ಸು ಇಳಿದುಹೋಯ್ತು. ಸಣ್ಣದು, ಬಾತ್‌ರೂಮ್ ಒಂದೇ, ಅಡುಗೆಮನೆ ಗೋಡೇಲಿ ತೇವ, ಪಾರ್ಕಿಂಗ್‌ಗೆ ದಿನಾ ಒದ್ದಾಟ. ಸ್ಟೇಷನ್ ಎಂಟು ನಿಮಿಷದ ನಡಿಗೆ, ಬೆಳಗ್ಗೆ ಹತ್ತು ನಿಮಿಷಕ್ಕೊಂದು ಟ್ರೈನು. ಬಾಗಿಲಿಂದ ಸೀಟಿಗೆ 48ರಿಂದ 54 ನಿಮಿಷ, ಮಳೆ ಬಂದ್ರೂ ಅಷ್ಟೇ, ಶುಕ್ರವಾರವೂ ಅಷ್ಟೇ. ಲೇಔಟ್‌ನ ಒಳ್ಳೇ ದಿನಕ್ಕೆ ಹೋಲಿಸಿದ್ರೆ ಬರೀ ಕೆಲವೇ ನಿಮಿಷ ಉಳೀತು, ಆದ್ರೆ ಎಷ್ಟೊತ್ತಿಗೆ ಬರ್ತೀನಿ ಅಂತ ಮಕ್ಕಳಿಗೆ ಹೇಳಿ ಹೋಗ್ಬಹುದಾಗಿತ್ತು, ಹೇಳಿದ ಹೊತ್ತಿಗೆ ಬರ್ಬಹುದಾಗಿತ್ತು. ಡೇಕೇರ್‌ಗೆ ಒಂದು ದಿನವೂ ತಡ ಆಗ್ಲಿಲ್ಲ.

ಸ್ಕೂಲು ನಾಲ್ಕುನೂರು ಮೀಟರ್, ದೊಡ್ಡ ರಸ್ತೆ ಒಂದೂ ದಾಟೋ ಹಾಗಿಲ್ಲ. 1929ರಲ್ಲಿ ಕ್ಲಾರೆನ್ಸ್ ಪೆರಿ ಅನ್ನೋ ಪ್ಲಾನರ್ ಬಡಾವಣೆ ಹಿಂಗಿರ್ಬೇಕು ಅಂತ ಬರೆದಿದ್ದು ಬಹುತೇಕ ಇದನ್ನೇ: ಸ್ಕೂಲು ನಡುವೆ, ಸುತ್ತ ಕಾಲು ಮೈಲಿ ಒಳಗೆ ಮನೆಗಳು, ದೊಡ್ಡ ರಸ್ತೆಗಳು ಅಂಚಲ್ಲಿ, ಅಂಗಡಿ ಮೂಲೇಲಿ. ಬೀದಿಗಳು ಒಂದಕ್ಕೊಂದು ಕೂಡ್ಕೊಳ್ಳೋದ್ರಿಂದ ಎಲ್ಲಿಗಾದ್ರೂ ಮೂರು ದಾರಿ ಇರ್ತಿತ್ತು, ಗಾಡಿಗಳೂ ನಿಧಾನ. ಮೂರನೇ ವಾರ ಮಗಳು ನಾನೊಬ್ಳೇ ಪೆನ್ಸಿಲ್ ತರ್ತೀನಿ ಅಂದ್ಲು. ಅಂಗಡಿ ಎರಡು ತಿರುವು ಆಚೆ. ಯಜಮಾನ್ರು ಲ್ಯಾಪ್‌ಟಾಪ್ ಮುಚ್ಚಿ ಕಿಟಕೀಲಿ ನಿಂತ್ರು, ನಾನು ಗೇಟಲ್ಲಿ. ಹನ್ನೊಂದು ನಿಮಿಷ. ಚಿಲ್ಲರೆ ಮುಷ್ಟೀಲಿ ಬಿಗಿಯಾಗಿ ಹಿಡ್ಕೊಂಡು ಬಂದ್ಲು, ಬೆವೆತು ಅಂಗೈ ತುಂಬ ನಾಣ್ಯದ ಅಚ್ಚು.

ಒಂದು ವಿಷ್ಯದಲ್ಲಿ ಮಾತ್ರ ಈ ಬಡಾವಣೆ ನಮ್ಮನ್ನ ಸೋಲಿಸೋದ್ರಲ್ಲಿತ್ತು, ಸೀಟು. ಜಾಗ ಚೆನ್ನಾಗಿದೆ ಅಂದ್ರೆ ಸ್ಕೂಲೂ ತುಂಬಿರುತ್ತೆ ಅಂತ ಮೊದ್ಲೇ ಹೊಳೀಬೇಕಿತ್ತು. ಮಗಳ ಕ್ಲಾಸಿಗೆ ವೇಟಿಂಗ್ ಲಿಸ್ಟಲ್ಲಿ ನಾಲ್ಕನೇ ನಂಬರ್, ಏಳು ವಾರ ಕಾದ್ವಿ. ಅದಕ್ಕೇ ಹೇಳೋದು, ಮನೆ ನೋಡೋ ಮುಂಚೆ ಸ್ಕೂಲಿಗೆ ಫೋನ್ ಮಾಡಿ, ಸೀಟಿದೆಯಾ ಅಂತ ಸುಮ್ನೆ ಕೇಳ್ಬೇಡಿ, ನಮ್ಮ ಮಗುವಿನ ಕ್ಲಾಸಲ್ಲಿ ಇದೆಯಾ, ವರ್ಷದ ಮಧ್ಯೆ ಸೇರಿಸ್ಕೊಳ್ತೀರಾ, ಚಿಕ್ಕೋನಿಗೆ ಮುಂದೆ ಇಲ್ಲೇ ಸಿಗುತ್ತಾ ಅಂತ ಬಿಡಿಸಿ ಕೇಳಿ. ಲೇಔಟ್ ಕಡೆ ಸ್ಕೂಲಲ್ಲಿ ಸೀಟು ಬೇಕಾದಷ್ಟಿತ್ತು.

ಎಲ್ರಿಗೂ ಆರು ತಿಂಗಳು ಹಿಂಗೆ ಅಲೆಯೋಕಾಗಲ್ಲ, ನಮ್ಗೂ ಸುಸ್ತಾಗಿತ್ತು. ಒಂದು ವಾರ ಸಿಕ್ಕಿದ್ರೂ ಸೋಮವಾರ ಬೆಳಗ್ಗೆ ಆ ಮನೆ ಬಾಗಿಲಿಂದಲೇ ಆಫೀಸಿಗೆ ಹೊರಟು ನೋಡಿ, ಸಂಜೆ ಅದೇ ದಾರೀಲಿ ವಾಪಸ್ ಬನ್ನಿ. ಸ್ಕೂಲ್ ಬಿಡೋ ಹೊತ್ತಿಗೆ ಗೇಟ್ ಹತ್ರ ಅರ್ಧ ಗಂಟೆ ನಿಂತ್ಕೊಳ್ಳಿ, ಎಷ್ಟು ಮಕ್ಕಳು ದೊಡ್ಡೋರಿಲ್ಲದೆ ನಡ್ಕೊಂಡು ಹೋಗ್ತಾರೆ ಎಣಿಸಿ. ಬ್ರೋಕರ್ ಹೇಳದೇ ಇರೋದನ್ನ ಆ ಅರ್ಧ ಗಂಟೆ ಹೇಳುತ್ತೆ. ಮನೇಲಿ ವಯಸ್ಸಾದೋರು ಇದ್ರೆ ಅವರನ್ನೂ ಕರ್ಕೊಂಡು ಹೋಗಿ, ಔಷಧಿ ಅಂಗಡಿವರೆಗೆ ಅವರ ನಡಿಗೇಲೇ ನಡೀರಿ, ದಾರೀಲಿ ಕೂರೋಕೆ ಜಾಗ ಇದೆಯಾ ನೋಡಿ.

ಅಗ್ರಿಮೆಂಟ್ ಹಾಕಿದ್ದು ಹಳೇ ಬಡಾವಣೇಲಿ, ಅದೇ ತೇವದ ಗೋಡೆ ಮನೇಲಿ, ಓನರ್ ರಿಪೇರಿ ಮಾಡಿಸ್ತೀನಿ ಅಂದಿದಾರೆ. ನೋಟ್‌ಬುಕ್ ತೆಗೆದಿಟ್ಟು ಎಷ್ಟೋ ದಿನ ಆಯ್ತು. ಮೊನ್ನೆ ಅತ್ತೆ ಸಂಜೆ ಕತ್ತಲಾದ್ರೂ ಬರ್ಲಿಲ್ಲ ಅಂತ ಹುಡುಕ್ಕೊಂಡು ಹೋದ್ರೆ ಲೈಬ್ರರಿ ಮುಂದಿನ ಬೆಂಚಲ್ಲಿ ಇಬ್ರು ಹೆಂಗಸರ ಜೊತೆ ಕೂತಿದ್ರು, ನೀನ್ಯಾಕೆ ಬಂದೆ, ನಾನೇ ಬರ್ತಿದ್ನಲ್ಲ ಅಂದ್ರು.