ಮಹಿಳಾ ಪೈಲಟ್‌ಗಳ ಕಾರ್ಡ್ ಸೆಟ್: ಕಥೆಗಳು ಸೂಪರ್, ಕಾಗದ ಸುಮಾರು

ಮಗಳಿಗೆಂದು ತರಿಸಿದ್ದು, ಈಗ ಜಾಸ್ತಿ ಓದುತ್ತಿರುವುದು ನಾನೇ. ಮೊದಲ ಕಾರ್ಡ್ ಫ್ರಾನ್ಸಿನ ರೇಮಂಡ್ ಡಿ ಲಾರೋಶ್ ಅವರದು. 1910ರಲ್ಲಿ ಪೈಲಟ್ ಲೈಸೆನ್ಸ್ ಪಡೆದ ಮೊದಲ ಹೆಣ್ಣು, ಲೈಸೆನ್ಸ್ ನಂಬರ್ 36. ನನಗೆ ತುಂಬಾ ಹಿಡಿಸಿದ್ದು ಬೆಸ್ಸಿ ಕೋಲ್ಮನ್. ಕಪ್ಪು ಹೆಣ್ಣು ಎಂದು ಅಮೆರಿಕದ ಶಾಲೆಗಳು ಸೇರಿಸಿಕೊಳ್ಳದಿದ್ದಾಗ ಫ್ರೆಂಚ್ ಕಲಿತು, ಫ್ರಾನ್ಸಿಗೇ ಹೋಗಿ, 1921ರಲ್ಲಿ ಲೈಸೆನ್ಸ್ ತಗೊಂಡು ಬಂದರು. ಸುಮ್ನೆ ಮಾತಾ? ಹ್ಯಾರಿಯೆಟ್ ಕ್ವಿಂಬಿ ಪಾಡು ಕೇಳಿ: 1912ರ ಏಪ್ರಿಲ್ 16ರಂದು ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿದರು, ಆದರೆ ಹಿಂದಿನ ದಿನವಷ್ಟೇ ಟೈಟಾನಿಕ್ ಮುಳುಗಿತ್ತು, ಪೇಪರ್‌ನಲ್ಲಿ ಜಾಗ ಎಲ್ಲಿ! ಅಮೇಲಿಯಾ ಇಯರ್‌ಹಾರ್ಟ್‌ಗೆ ಮಾತ್ರ ನಾಲ್ಕು ಕಾರ್ಡ್, ಅತಿಯಾಯಿತು ಅಲ್ವಾ. ಅಕ್ಷರ ತೀರಾ ಸಣ್ಣದು, ಒಂದೇ ವಾರಕ್ಕೆ ಅಂಚೆಲ್ಲ ಎದ್ದಿದೆ. ಆದರೂ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡಿದ್ದೇನೆ.